ಮತ್ತಿತರರು ಉಪಸ್ಥಿತರಿದ್ದರು

1

ವಿಮರ್ಶೆಯೆಂದರೆ ಕಾವ್ಯ, ಕಾದಂಬರಿಗಳ ಮುಂದೆ ಕೂತು ಮಾಡುವ ಕೆಲಸ ಎಂದು ನಮ್ಮ ವಿದ್ವಾಂಸರು ನಂಬಿಕೊಂಡು ಬಂದಿದ್ದಾರೆ. ಆದರೆ ನಮ್ಮ ಜನ ದಿನ ಬೆಳಗಾದರೆ ಓದುವುದು ಕಾವ್ಯವನ್ನಲ್ಲ. ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಒಂದೇ ಪತ್ರಿಕೆಯನ್ನು ನಾಲ್ಕು ಮಂದಿ ಹಾಳೆ ಹಾಳೆ ಹಂಚಿಕೊಂಡು ಓದುತ್ತಾರಲ್ಲ, ಆ ಒಳಪುಟಗಳೇ ಅವರ ತಲೆಯೊಳಗೆ ದಿನಾ ಇಳಿಯುವ ಸಾಹಿತ್ಯ. ಅದರಲ್ಲಿ ಒಂದು ಪ್ರಕಾರ ಈಚಿನ ವರ್ಷಗಳಲ್ಲಿ ಹುಲುಸಾಗಿ ಬೆಳೆದಿದೆ. ಅದು ವಿಶ್ವವಿದ್ಯಾಲಯಗಳ ಪತ್ರಿಕಾ ಪ್ರಕಟಣೆ. ಪ್ರವೇಶಾತಿಯ ಜಾಹೀರಾತು, ಬಣ್ಣದ ಮಾಹಿತಿ ಪುಸ್ತಕ, ಘಟಿಕೋತ್ಸವದ ವರದಿ, ಜಾಲತಾಣದ ಮುಖಪುಟ, ಇವೆಲ್ಲ ಅದರ ಅಣ್ಣತಮ್ಮಂದಿರು. ಬರೆದವರ ಹೆಸರಿಲ್ಲದ ಕಾರಣ ಇವನ್ನು ಕೃತಿ ಎಂದು ಯಾರೂ ಎಣಿಸುವುದಿಲ್ಲ. ಕವಿಯೊಬ್ಬನ ಸಾಲಿನಲ್ಲಿ ಜಾತಿಯ ವಾಸನೆ ಬಂದರೆ ಬೀದಿಗಿಳಿಯುವ ನಾವು ಕೂಡ ಈ ಬರಹವನ್ನು ಮಾತ್ರ ಟೀ ಜೊತೆ ಹಾಗೇ ನುಂಗಿಬಿಡುತ್ತೇವೆ.

ಈ ಸಲ ನುಂಗದೆ ಅಗಿದು ನೋಡೋಣ.

ಇಂಥ ಒಂದು ಪ್ರಕಟಣೆಯ ಅಚ್ಚು ಯಾವುದೇ ವಿಶ್ವವಿದ್ಯಾಲಯದ್ದಾದರೂ ಒಂದೇ. ಮೊದಲ ಪ್ಯಾರಾದಲ್ಲಿ ಗಣ್ಯರೊಬ್ಬರು 'ಅಭಿಪ್ರಾಯಪಡುತ್ತಾರೆ'. ಎರಡನೆಯದರಲ್ಲಿ ಇಂದಿನ ಯುವಜನರ ಬಗ್ಗೆ 'ವಿಷಾದಿಸುತ್ತಾರೆ'. ಮೂರನೆಯದರಲ್ಲಿ ಅದೇ ಯುವಜನರಿಗೆ 'ಕರೆ ನೀಡುತ್ತಾರೆ'. ಇನ್ನೊಬ್ಬ ಗಣ್ಯರು ಮೊದಲಿನವರನ್ನು 'ಶ್ಲಾಘಿಸುತ್ತಾರೆ'. ಈ ನಾಲ್ಕು ಕ್ರಿಯಾಪದಗಳನ್ನು ತೆಗೆದರೆ ಈ ಸಾಹಿತ್ಯ ಪ್ರಕಾರವೇ ಇಲ್ಲ. ಇವುಗಳಲ್ಲಿ ಒಂದಾದರೂ ಕೈಯಿಂದ ಮಾಡುವ ಕೆಲಸವೇ ನೋಡಿ. ಎಲ್ಲವೂ ಬಾಯಿಯ ಕೆಲಸ. ವೇದಿಕೆಯ ಮೇಲಿದ್ದವರಿಗೆ ಬಾಯಿ, ಕೆಳಗಿದ್ದವರಿಗೆ ಕಿವಿ. ನಮ್ಮ ಊರು ಕೇರಿಗಳ ವ್ಯವಸ್ಥೆಯೂ ಇದೇ ಅಲ್ಲವೆ?

ಕೈಯಿಂದ ನಡೆದ ಕೆಲಸ ಬಂತೆಂದರೆ ವ್ಯಾಕರಣವೇ ಬದಲಾಗುತ್ತದೆ. ಕಾರ್ಯಕ್ರಮವನ್ನು 'ಹಮ್ಮಿಕೊಳ್ಳಲಾಗಿತ್ತು', ಸಸಿಗಳನ್ನು 'ನೆಡಲಾಯಿತು', ಊಟದ ವ್ಯವಸ್ಥೆ 'ಮಾಡಲಾಗಿತ್ತು'. ನೆಟ್ಟವರು ಯಾರು, ಗುಂಡಿ ತೋಡಿದವರು ಯಾರು, ಅನ್ನ ಬೇಯಿಸಿದವರು ಯಾರು? ಕರ್ಮಣಿ ಪ್ರಯೋಗ ಇವರನ್ನೆಲ್ಲ ಒಂದೇ ಏಟಿಗೆ ಒರೆಸಿಹಾಕುತ್ತದೆ. ಇದು ನಮ್ಮ ಜನರ ಬಾಯಲ್ಲಿರುವ ಕನ್ನಡವಲ್ಲ. ನಮ್ಮವ್ವ 'ಮುದ್ದೆ ಮಾಡೀನಿ, ಉಣ್ಣು ಬಾ' ಅಂತಾಳೆ. 'ಮುದ್ದೆಯನ್ನು ಮಾಡಲಾಗಿದೆ' ಅನ್ನಲ್ಲ. ಮಾಡಿದವಳು ತಾನು ಎಂಬುದು ಅವಳ ಮಾತಿನಲ್ಲೇ ಇರುತ್ತದೆ, ಉಪ್ಪು ಹೆಚ್ಚಾದರೆ ಬೈಸಿಕೊಳ್ಳುವವಳೂ ತಾನೇ ಎಂಬುದೂ ಇರುತ್ತದೆ. ಕಚೇರಿಯ ಕನ್ನಡಕ್ಕೆ ಈ ಎರಡನೆಯದರ ಭಯ. ಅದಕ್ಕೇ 'ಅರ್ಜಿಯನ್ನು ತಿರಸ್ಕರಿಸಲಾಗಿದೆ', 'ಫಲಿತಾಂಶವನ್ನು ತಡೆಹಿಡಿಯಲಾಗಿದೆ'. ತಿರಸ್ಕರಿಸಿದವನು ಆಕಾಶದಲ್ಲಿದ್ದಾನೆ, ಹಣೆಬರಹ ಬರೆದ ಬ್ರಹ್ಮನ ಹಾಗೆ.

ಕಡೆಯ ಸಾಲು ಎಲ್ಲರಿಗೂ ಬಾಯಿಪಾಠ. ಕುಲಪತಿಗಳು, ಕುಲಸಚಿವರು, ಡೀನರು, ಸಿಂಡಿಕೇಟ್ ಸದಸ್ಯರು, ಅವರವರ ಬಿರುದು ಬಾವಲಿಗಳ ಸಮೇತ ಹೆಸರು ಮುಗಿದ ಮೇಲೆ 'ಮತ್ತಿತರರು ಉಪಸ್ಥಿತರಿದ್ದರು' ಎಂದು ಬರುತ್ತದೆ. ಫೋಟೋದ ಕೆಳಗೂ ಇದೇ ಸಾಲು. ಬಿಸಿಲಲ್ಲಿ ಕುಳಿತು ಮೂರು ಗಂಟೆ ಭಾಷಣ ಕೇಳಿದ ಹಾಸ್ಟೆಲ್ ಹುಡುಗರು ಈ ಮತ್ತಿತರರೊಳಗೆ ಬರುತ್ತಾರೆ. ಜಮಖಾನ ಹಾಸಿದವನು, ಮೈಕು ಹೊತ್ತವನು, ಕಕ್ಕಸು ತೊಳೆದವಳು ಅದರೊಳಗೂ ಬರುವುದಿಲ್ಲ. ಅವರು ಉಪಸ್ಥಿತರೇ ಅಲ್ಲ.

2

ನಾವು ಈ ಮಾತನ್ನು ಭದ್ರಾವತಿಯ ನೆಲದಲ್ಲಿ ನಿಂತು ಆಡುತ್ತಿದ್ದೇವೆ. ಹಾಗೆ ನಿಂತವರಿಗೆ ಪತ್ರಿಕೆಯ ಕಾಗದವೇ ಒಂದು ಕತೆ ಹೇಳುತ್ತದೆ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಿಂದ ಇಲ್ಲಿ ಸುದ್ದಿಪತ್ರಿಕೆಯ ಕಾಗದ ಮಾಡುತ್ತಿತ್ತು. ಸುದ್ದಿ ಅಚ್ಚಾಗುವ ಹಾಳೆ ನಮ್ಮ ಅಪ್ಪಂದಿರ, ದೊಡ್ಡಪ್ಪಂದಿರ ಬೆವರಿನಿಂದ ಬರುತ್ತಿತ್ತು. ಬಿದಿರು ಇಳಿಸಿದವರು, ತಿರುಳಿನ ನಾತದಲ್ಲಿ ಪಾಳಿ ಮೇಲೆ ಪಾಳಿ ದುಡಿದವರು, ಗುತ್ತಿಗೆಯಲ್ಲಿ ಬಂದು ಗುತ್ತಿಗೆಯಲ್ಲೇ ಹೋದವರು, ಇವರು ಮಾಡಿದ ಹಾಳೆಯ ಮೇಲೆ ಇವರ ಹೆಸರಿಗೆ ಸಿಕ್ಕ ಜಾಗ 'ಮತ್ತಿತರರು'. 2015ರಲ್ಲಿ ಉತ್ಪಾದನೆ ನಿಂತಿತು. ಪೇಪರ್ ಟೌನಿನ ಕ್ವಾರ್ಟರ್ಸುಗಳಲ್ಲಿ ಗಿಡ ಬೆಳೆದವು. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಬೀದಿಗೆ ಬಂದರು, ಆಮೇಲೆ ಒಂದಿಷ್ಟು ಉತ್ಪಾದನೆ ಮತ್ತೆ ಶುರುವಾಯಿತು. ಕಾರ್ಖಾನೆ ನಂಬಿದ್ದ ಮನೆಗಳಲ್ಲಿ ಈಗ ಒಂದೇ ಮಾತು: 'ನೀನಾದ್ರೂ ಓದಪ್ಪ.'

ಓದಲು ಹೋಗಬೇಕಾದ ಜಾಗ ದೂರದಲ್ಲೇನೂ ಇಲ್ಲ. ಭದ್ರಾವತಿಯಿಂದ ಸುಮಾರು 18 ಕಿಲೋಮೀಟರು, ಶಿವಮೊಗ್ಗದಿಂದ 28. ಭದ್ರಾ ಅಣೆಕಟ್ಟಿನ ಹತ್ತಿರ ಶಂಕರಘಟ್ಟದಲ್ಲಿ 'ಜ್ಞಾನ ಸಹ್ಯಾದ್ರಿ'. 1987ರಲ್ಲಿ, ಕವಿ ಇನ್ನೂ ಬದುಕಿದ್ದಾಗಲೇ, ಅವರ ಹೆಸರು ಹೊತ್ತು ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ. ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗದ ಸೀಮೆಗಳಿಗೆಲ್ಲ ಅದೇ ಆಸರೆಯಾಗಿತ್ತು. 2009ರಲ್ಲಿ ದಾವಣಗೆರೆ ಬೇರೆಯಾಯಿತು. ನಮ್ಮಂಥವರ ಮನೆಯಲ್ಲಿ ಮೊದಲ ಪದವಿ, ಮೊದಲ ಎಂ.ಎ. ಬಂದದ್ದು ಇಂಥ ಸರ್ಕಾರಿ ವಿಶ್ವವಿದ್ಯಾಲಯಗಳಿಂದಲೇ. ಹಾಗಾಗಿ ಇದು ಹೊರಗಿನವರ ಟೀಕೆಯಲ್ಲ. ತನ್ನ ಮನೆ ಸೋರುತ್ತಿದ್ದರೆ ಹಂಚು ಎಣಿಸುವವನ ಮಾತು.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ನಮ್ಮ ತಕರಾರು ಒಂದು ಸಂಸ್ಥೆಯ ಮೇಲೋ ಒಬ್ಬ ಅಧಿಕಾರಿಯ ಮೇಲೋ ಅಲ್ಲ. ವಿಶ್ವವಿದ್ಯಾಲಯವೆಂಬುದು ಜನರ ಜೊತೆ ಮಾತಾಡುವ ರೀತಿಯೇ ಬದಲಾಗಿದೆ. ಅದರ ಮೇಲೆ ನಮ್ಮ ತಕರಾರು.

3

ಮೊದಲು ಹೇಗೆ ಮಾತಾಡುತ್ತಿತ್ತು? 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ 'ಪ್ರಚಾರೋಪನ್ಯಾಸ'ಗಳನ್ನು ಶುರುಮಾಡಿತು. ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಆರೋಗ್ಯ, ಸಾಹಿತ್ಯ ಹೇಳಬೇಕು. ಆ ಮಾತುಗಳು ಸಣ್ಣ ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಜನರ ಕೈಗೆ ಹೋಗಬೇಕು. 1956ರಿಂದ 1960ರವರೆಗೆ ಕುವೆಂಪು ಅಲ್ಲಿ ಕುಲಪತಿಯಾಗಿದ್ದಾಗ ಈ ಕೆಲಸಕ್ಕೆ, ಪ್ರಸಾರಾಂಗಕ್ಕೆ, ಹೊಸ ಬಲ ಬಂತು. ಕನ್ನಡದಲ್ಲಿ ಮೇಲಿನ ತರಗತಿಯ ಪಾಠ ಹೇಳಬಹುದು ಎಂದು ಹಟ ಹಿಡಿದದ್ದೂ ಅವರೇ. ಶೂದ್ರನೊಬ್ಬ ಕುಲಪತಿಯ ಕುರ್ಚಿಯಲ್ಲಿ ಕೂತಾಗ ಬಾಗಿಲು ಸ್ವಲ್ಪ ಹೊರಕ್ಕೆ ತೆರೆಯಿತು ಎಂದು ನಾವು ತಿಳಿಯುತ್ತೇವೆ.

ಆ ಪದವನ್ನು ಗಮನಿಸಿ. ಆಗಲೂ 'ಪ್ರಚಾರ' ಎಂಬ ಪದವೇ ಇತ್ತು. ಆದರೆ ಯಾವುದರ ಪ್ರಚಾರ? ವಿದ್ಯೆಯ ಪ್ರಚಾರ. ಮಲೇರಿಯ ಹೇಗೆ ಬರುತ್ತದೆ, ಗ್ರಹಣ ಯಾಕೆ ಆಗುತ್ತದೆ ಎಂಬಂಥ ತಿಳಿವಳಿಕೆಯ ಪ್ರಚಾರ. ಇವತ್ತು ಅದೇ ಪದ ಉಳಿದಿದೆ, ಕರ್ಮಪದ ಬದಲಾಗಿದೆ. ಈಗ ವಿಶ್ವವಿದ್ಯಾಲಯ ತನ್ನನ್ನೇ ಪ್ರಚಾರ ಮಾಡಿಕೊಳ್ಳುತ್ತದೆ. ಬಾವಿಯ ನೀರನ್ನು ಹಂಚುತ್ತಿದ್ದವನು ಈಗ ಬಾವಿಯ ಫೋಟೋ ಹಂಚುತ್ತಿದ್ದಾನೆ.

ಹಳೆಯದನ್ನು ಹೊಗಳಿ ಕಣ್ಣೀರು ಹಾಕುವ ಚಟ ನಮಗಿಲ್ಲ. ಆ ಪ್ರಚಾರೋಪನ್ಯಾಸಗಳು ಊರಿಗೆ ಹೋದವು, ಸರಿ. ಕೇರಿಗೆ ಹೋದವೆ? ಉಪನ್ಯಾಸ ನಡೆದ ಜಗಲಿಯ ಮೇಲೆ ಯಾರು ಕೂತರು, ದೂರದ ಹುಣಿಸೆಮರದ ಕೆಳಗೆ ಯಾರು ನಿಂತರು? ಆ ಕಾಲದ ವರದಿಗಾರ ಅವರನ್ನೂ ಮತ್ತಿತರರು ಎಂದೇ ಬರೆದಿರಬೇಕು. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಎದ್ದ ಗಲಾಟೆಯಲ್ಲಿ ಕಾಲೇಜು ಹುಡುಗರೇ ಕಲ್ಲು ಹಿಡಿದು ನಿಂತಿದ್ದರು ಎಂಬುದನ್ನು ನಾವು ಮರೆತಿಲ್ಲ. ವಿದ್ಯೆಯ ಪ್ರಚಾರ ಅಷ್ಟು ವರ್ಷ ನಡೆದ ಮೇಲೂ ವಿದ್ಯಾವಂತರ ಮನಸ್ಸು ಅಲ್ಲೇ ಇತ್ತು. ಆದರೂ ಆ ಯೋಜನೆಯ ಆಶಯದಲ್ಲಿ ಒಂದು ಋಣದ ಅರಿವಿತ್ತು. ಜನರ ಕಂದಾಯದಲ್ಲಿ ನಡೆಯುವ ಸಂಸ್ಥೆ ಜನರಿಗೆ ಏನಾದರೂ ತಿರುಗಿ ಕೊಡಬೇಕೆಂಬ ಅರಿವು. ಕೊಡುವ ಕೈ ಕೇರಿಯತನಕ ಚಾಚಲಿಲ್ಲ ಎಂಬುದು ನಮ್ಮ ಅಂದಿನ ಜಗಳ. ಈಗ ಆ ಕೈಯೇ ಮಡಚಿಕೊಂಡಿದೆ ಎಂಬುದು ಇಂದಿನ ಜಗಳ.

ಭದ್ರಾವತಿ ಇದಕ್ಕೆ ಇನ್ನೊಂದು ಉತ್ತರವನ್ನೂ ಕಂಡಿದೆ. ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು ಮತ್ತು ಅವರ ಸಂಗಾತಿಗಳು 1970ರ ದಶಕದ ಮಧ್ಯದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅವರ ಬಳಿ ಸಂಪರ್ಕಾಧಿಕಾರಿ ಇರಲಿಲ್ಲ. ಕರಪತ್ರ ಇತ್ತು, ಗೋಡೆಬರಹ ಇತ್ತು, ತಮಟೆ ಇತ್ತು, ಹಾಡು ಇತ್ತು. ಓದು ಬಾರದ ಕೂಲಿಯವಳಿಗೂ ತಿಳಿಯಬೇಕು ಎಂಬುದು ಅವರ ಬರವಣಿಗೆಯ ಛಂದಸ್ಸು. ಕ್ಲಾಸಿನೊಳಗಿನ ಮೇಷ್ಟ್ರು ಬೀದಿಗೆ ಬಂದು ಮಾತಾಡಿದ್ದೇ ನಮ್ಮ ಸೀಮೆ ಕಂಡ ನಿಜವಾದ ಪ್ರಸಾರಾಂಗ.

4

ಈಗ ಮಾರುಕಟ್ಟೆಯ ಮಾತಿಗೆ ಬರೋಣ. ವಿಶ್ವವಿದ್ಯಾಲಯಗಳು ಹೆಸರಿನ ಹಿಂದೆ ಯಾಕೆ ಹೀಗೆ ಓಡುತ್ತಿವೆ? ಓಡಿಸುವವರು ಇದ್ದಾರೆ. 1994ರಲ್ಲಿ ನ್ಯಾಕ್ ಬಂತು, ಅಕ್ಷರದಲ್ಲಿ ದರ್ಜೆ ಕೊಟ್ಟಿತು. 2016ರಿಂದ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ವರ್ಷಾ ವರ್ಷಾ ರ‍್ಯಾಂಕಿನ ಪಟ್ಟಿ ಬಿಡತೊಡಗಿತು. ಆ ಪಟ್ಟಿಯ ಲೆಕ್ಕವನ್ನು ನಮ್ಮ ಹುಡುಗರು ಕೂತು ಬಿಡಿಸಿ ನೋಡಬೇಕು. ಪಾಠ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ಪಾಸಾಗಿ ಹೊರಬಂದವರ ಸ್ಥಿತಿಗೆ 20, ಎಲ್ಲರನ್ನೂ ಒಳಗೊಳ್ಳುವುದಕ್ಕೆ 10, 'ಪರ್ಸೆಪ್ಷನ್' ಅಂದರೆ ಜನ ಏನಂದುಕೊಂಡಿದ್ದಾರೆ ಎಂಬುದಕ್ಕೆ 10.

ಎಲ್ಲರನ್ನೂ ಒಳಗೊಳ್ಳುವ ಆ 10ರೊಳಗೆ ಇಣುಕಿ. 2017ರಿಂದ ಹಲವು ವರ್ಷ ನಡೆದ ಲೆಕ್ಕದಲ್ಲಿ ಅದು ಮತ್ತೆ ನಾಲ್ಕು ಪಾಲು: ಬೇರೆ ರಾಜ್ಯ, ದೇಶಗಳಿಂದ ಬಂದವರಿಗೆ 100ಕ್ಕೆ 30, ಮಹಿಳೆಯರಿಗೆ 30, ಆರ್ಥಿಕವಾಗಿ ಸಾಮಾಜಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗೆ 20, ಅಂಗವಿಕಲರಿಗೆ ಬೇಕಾದ ಸೌಕರ್ಯಗಳಿಗೆ 20. ಅಂದರೆ ಬಡವರ, ಕೆಳಜಾತಿಯವರ ಮಕ್ಕಳನ್ನು ಓದಿಸಿದ್ದಕ್ಕೆ ಒಟ್ಟು ನೂರರಲ್ಲಿ ಸಿಗುವುದು 2. ಹೆಸರು ಚೆನ್ನಾಗಿದೆ ಎನ್ನಿಸಿಕೊಂಡಿದ್ದಕ್ಕೆ ಸಿಗುವುದು 10. ಒಬ್ಬ ಹೊಲೆಯರ ಹುಡುಗನಿಗಿಂತ ಒಂದು ಒಳ್ಳೆಯ ಹೆಸರಿಗೆ ಐದು ಪಟ್ಟು ತೂಕ. ಆ ಹೆಸರನ್ನು ಕೇಳುವುದಾದರೂ ಯಾರನ್ನು? ಕೆಲಸ ಕೊಡುವ ಧಣಿಗಳನ್ನು, ಬೇರೆ ಕಡೆಯ ಪ್ರಾಧ್ಯಾಪಕರನ್ನು. ಹೊಳೆಹೊನ್ನೂರಿನಲ್ಲಿ ಅಡಿಕೆ ಸುಲಿದು ಮಗಳನ್ನು ಎಂ.ಎಸ್‌ಸಿ. ಓದಿಸುತ್ತಿರುವ ತಾಯಿಯನ್ನು ಯಾರೂ ಕೇಳುವುದಿಲ್ಲ. ಹಾಗಿದ್ದಾಗ ವಿಶ್ವವಿದ್ಯಾಲಯದ ಬರಹ ಯಾರ ಕಡೆ ಮುಖ ಮಾಡಿ ನಿಲ್ಲುತ್ತದೆ ಹೇಳಿ. ಮಾಹಿತಿ ಪುಸ್ತಕದ ಮುಖಪುಟಕ್ಕೆ ಹಸಿರು ಹುಲ್ಲುಹಾಸು ಬರುತ್ತದೆ, ಹಾಸ್ಟೆಲಿನ ನಲ್ಲಿ ಬರುವುದಿಲ್ಲ. ಏಪ್ರಿಲ್ 14ರಂದು ಅಂಬೇಡ್ಕರ್ ಚಿತ್ರಕ್ಕೆ ಹಾರ ಹಾಕಿದ ಫೋಟೋ ಪತ್ರಿಕೆಗೆ ಹೋಗುತ್ತದೆ, ವಿದ್ಯಾರ್ಥಿವೇತನ ಬಾರದೆ ಸಂಶೋಧನೆ ಬಿಟ್ಟು ಹೋದವನ ಸುದ್ದಿ ಹೋಗುವುದಿಲ್ಲ.

ಹೆಸರನ್ನು ಮಾರಲು ಹೊರಟರೆ ಪದವಿಯ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಪಾಠವಿದೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಕಾಲೇಜು ಮೆಟ್ಟಿಲು ಹತ್ತಲಾಗದ ಕೂಲಿಯವರಿಗೆ, ಗೃಹಿಣಿಯರಿಗೆ, ಕಾನ್‌ಸ್ಟೇಬಲ್‌ಗಳಿಗೆ ಇದ್ದ ಬಾಗಿಲು. ಅದು ರಾಜ್ಯದ ಗಡಿ ದಾಟಿ ಖಾಸಗಿಯವರ ಜೊತೆ ಒಪ್ಪಂದ ಮಾಡಿಕೊಂಡು ದೇಶದ ತುಂಬ ಕೋರ್ಸು ಹಂಚಿತು. 2015ರಲ್ಲಿ ಯುಜಿಸಿ, 2012-13ರ ಆಚೆಗೆ ಈ ಸಂಸ್ಥೆಗೆ ಮಾನ್ಯತೆ ಇಲ್ಲ ಎಂದು ಪ್ರಕಟಿಸಿತು. ಮತ್ತೆ ಮಾನ್ಯತೆ ಬಂದದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದವರು ಯಾರು? ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಪುಸ್ತಕ ಹಿಡಿದ ಅದೇ ಮತ್ತಿತರರು. ಬಡ್ತಿಗೆ ಅರ್ಜಿ ಹಾಕಿದಾಗ 'ನಿನ್ನ ಡಿಗ್ರಿ ನಡೆಯುತ್ತೇನಪ್ಪ?' ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತವರು.

5

ಇಷ್ಟು ಹೇಳಿದ ಮೇಲೆ 'ಹಾಗಾದರೆ ವಿಶ್ವವಿದ್ಯಾಲಯಕ್ಕೆ ಪ್ರಚಾರವೇ ಬೇಡವೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದನ್ನು ನಾವು ಜಿಲ್ಲಾ ಪತ್ರಿಕೆಯೊಂದರಲ್ಲಿ ದುಡಿಯುವ ಗೆಳೆಯರ ಜೊತೆ ಜಗಳ ಆಡಿದ್ದೇವೆ. ಅವರೆಂದರು: 'ಮಾರಾಯ್ರೆ, ನೀವು ಬೈಯೋದು ಸುಲಭ. ಪ್ರಕಟಣೆ ವಾಟ್ಸಾಪಿನಲ್ಲಿ ಬರುತ್ತೆ, ನಾವು ಇಬ್ಬರೇ ಇರೋದು, ಹಾಗೇ ಹಾಕ್ತೀವಿ. ಹಾಸ್ಟೆಲಿಗೆ ಹೋಗಿ ನೋಡಿ ಬರೆಯೋಕೆ ನಮ್ಗೆ ಬಸ್ ಚಾರ್ಜು ಯಾರು ಕೊಡ್ತಾರೆ? ಜಾಹೀರಾತು ಕೊಡೋರ ಮೇಲೇ ಬರೆದ್ರೆ ಸಂಬಳ ಯಾರು ಕೊಡ್ತಾರೆ?' ಮಾತಿನಲ್ಲಿ ನಿಜವಿದೆ. ಇದೇ ಶಿವಮೊಗ್ಗ ಸೀಮೆಯ ಕೊನಗವಳ್ಳಿಯಿಂದ ಹೋದ ಲಂಕೇಶ್ 1980ರಲ್ಲಿ ಜಾಹೀರಾತು ಮುಟ್ಟದೆ, ಓದುಗರ ಕಾಸಿನಲ್ಲೇ ಪತ್ರಿಕೆ ನಡೆಸಿದರು. ಆ ಧೈರ್ಯ ಎಲ್ಲರಿಗೂ ಬರಲಿಲ್ಲ. ಓದುಗರಾದ ನಾವೂ ಕಾಸು ಬಿಚ್ಚುವುದನ್ನು ಮರೆತೆವು.

ಗೆಳೆಯರು ಇನ್ನೊಂದು ಮಾತು ಹೇಳಿದರು. ಅದು ನಮ್ಮನ್ನು ನಿಲ್ಲಿಸಿತು. 'ಸರ್ಕಾರಿ ವಿಶ್ವವಿದ್ಯಾಲಯ ಸುಮ್ನಿದ್ರೆ ಖಾಸಗಿಯವರು ಸುಮ್ನಿರ್ತಾರಾ? ಬಿ.ಎಚ್. ರಸ್ತೆ ನೋಡಿ. ಫ್ಲೆಕ್ಸು ಯಾರವು?'

ನಮ್ಮ ಬಳಗದಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಅಪ್ಪ ಗುತ್ತಿಗೆ ಕಾರ್ಮಿಕ, ಅವ್ವ ಮನೆಗೆಲಸ. ಹುಡುಗ ಪದವಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಸರ್ಕಾರಿ ಸಂಸ್ಥೆಯೊಂದರ ಪ್ರವೇಶದ ಕಡೆಯ ದಿನ ಯಾವುದೆಂಬುದು ಜಾಲತಾಣದ ಒಂದು ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ನಾಲ್ಕು ಸಲ ಒತ್ತಿದರೆ ತೆರೆಯುವ ಕಡತದಲ್ಲಿತ್ತು. ಅವನಿಗೆ ತಿಳಿಯುವಷ್ಟರಲ್ಲಿ ದಿನ ಕಳೆದಿತ್ತು. ಖಾಸಗಿ ಕಾಲೇಜೊಂದರ ಫ್ಲೆಕ್ಸು ಮಾತ್ರ ಅವನ ಬೀದಿಯ ತುದಿಯಲ್ಲೇ, ಕನ್ನಡದಲ್ಲೇ, ಫೋನ್ ನಂಬರಿನ ಸಮೇತ ನಿಂತಿತ್ತು. ಫೋನು ಮಾಡಿದರೆ 'ಬನ್ನಿ ಸಾರ್' ಎಂದರು. ಜೀವನದಲ್ಲಿ ಮೊದಲ ಸಲ ಆ ಹುಡುಗನ ಅಪ್ಪನನ್ನು ಯಾರೋ ಸಾರ್ ಎಂದಿದ್ದರು. ಅವ್ವ ಸಂಘದಲ್ಲಿ ಸಾಲ ಎತ್ತಿದಳು. ಹುಡುಗ ಎರಡನೆ ವರ್ಷಕ್ಕೆ ಬಿಟ್ಟ. ಸಾಲ ಬಿಡಲಿಲ್ಲ.

ಇದನ್ನು ನೋಡಿದ ಮೇಲೆ 'ಪ್ರಚಾರ ಬೇಡ' ಎಂಬ ಮಡಿವಂತಿಕೆಯ ಮಾತು ನಮ್ಮ ಬಾಯಿಂದ ಬರುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯ ತಪ್ಪು ಜಾಗದಲ್ಲಿ ಕೂಗಾಡಿ ಬೇಕಾದ ಜಾಗದಲ್ಲಿ ಮೂಕವಾದರೆ ಆ ಮೌನದ ಬೆಲೆಯನ್ನು ಕಟ್ಟುವವರು ನಮ್ಮವರೇ, ವಾರಕ್ಕೊಂದು ಕಂತಿನ ಲೆಕ್ಕದಲ್ಲಿ.

ಹೆಸರಿಗಾಗಿ ಹೋರಾಡುವುದು ನಮಗೆ ಹೊಸದಲ್ಲ. 1920ರಲ್ಲಿ ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ತಂದಾಗ, ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲು ತಿಲಕರ 'ಕೇಸರಿ' ಒಪ್ಪಲಿಲ್ಲ. ಜಾಹೀರಾತಿಗೂ ಜಾತಿ ಇದೆ ಎಂದು ನಾವು ನೂರು ವರ್ಷದ ಹಿಂದೆಯೇ ಕಲಿತೆವು. 1978ರಲ್ಲಿ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಲು ಮಹಾರಾಷ್ಟ್ರದ ಶಾಸನಸಭೆ ನಿರ್ಣಯ ಮಾಡಿದ್ದಕ್ಕೆ ದಲಿತರ ಗುಡಿಸಲುಗಳು ಉರಿದವು, ಹೆಣಗಳು ಬಿದ್ದವು. ಹೆಸರು ಬಂದದ್ದು 1994ರ ಜನವರಿ 14ರಂದು. ಹದಿನಾರು ವರ್ಷ ರಕ್ತ ಸುರಿಸಿ ಪಡೆದದ್ದನ್ನು ನಾವು ಹೆಸರು ಎನ್ನುತ್ತೇವೆ. ಸಮಾಲೋಚಕರಿಗೆ ಹಣ ಕೊಟ್ಟು ಮಾಡಿಸಿಕೊಂಡದ್ದನ್ನು ಅವರು ಬ್ರ್ಯಾಂಡ್ ಎನ್ನುತ್ತಾರೆ. ಕುವೆಂಪು ಹೆಸರು ಈಗ ವಿಶ್ವವಿದ್ಯಾಲಯಕ್ಕಿದೆ, ರಂಗಮಂದಿರಕ್ಕಿದೆ, 2023ರಲ್ಲಿ ಸೋಗಾನೆಯಲ್ಲಿ ತೆರೆದ ವಿಮಾನ ನಿಲ್ದಾಣಕ್ಕೂ ಇದೆ. ಗುಡಿ, ಪುರೋಹಿತ, ಪಂಚಾಂಗಗಳ ವಿರುದ್ಧ ಅಷ್ಟು ಕಟುವಾಗಿ ಮಾತಾಡಿದ ಮನುಷ್ಯನ ಹೆಸರು ಬೋರ್ಡಿನಲ್ಲಿ ಹೊಳೆಯುತ್ತದೆ. ಅವರ ವಿಚಾರ ಯಾವ ಬೋರ್ಡಿನಲ್ಲಿ ಇದೆ ಎಂದು ಕೇಳುವುದು ವಿಮರ್ಶಕನ ಕೆಲಸ. ಹೆಸರು ಇಟ್ಟುಕೊಂಡವರು ಅದರ ಸಾಲವನ್ನೂ ತೀರಿಸಬೇಕು.

6

ಘಟಿಕೋತ್ಸವದ ಸುದ್ದಿಯ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆವು. ವರ್ಷಕ್ಕೊಂದು ದಿನ ಮತ್ತಿತರರಲ್ಲಿ ಒಬ್ಬಳು ಹೆಸರಾಗುತ್ತಾಳೆ. 'ಕೂಲಿಕಾರನ ಮಗಳಿಗೆ ಚಿನ್ನದ ಪದಕ.' ಅಪ್ಪ ಅವ್ವನ ನಡುವೆ ನಿಂತ ಹುಡುಗಿಯ ಫೋಟೋ. ಅದನ್ನು ನೋಡಿ ನಾವೂ ಕಣ್ಣೊರೆಸಿಕೊಂಡಿದ್ದೇವೆ, ಸುಳ್ಳು ಹೇಳುವುದಿಲ್ಲ. ಆ ಹುಡುಗಿಯ ಸಾಧನೆಗೆ ನಮ್ಮ ತಲೆ ಬಾಗುತ್ತದೆ. ಆದರೆ ಕತೆಯನ್ನು ಹೇಳುವ ರೀತಿ ನೋಡಿ. ಬಡತನ ಅಲ್ಲಿ ಒಂದು ಅಲಂಕಾರ. 'ಬಡತನದಲ್ಲಿ ಅರಳಿದ ಪ್ರತಿಭೆ' ಎಂದು ಬರೆಯುವವನಿಗೆ ಅಪ್ಪ ಇನ್ನೂ ಕೂಲಿಕಾರನಾಗೇ ಯಾಕಿದ್ದಾನೆ ಎಂಬ ಪ್ರಶ್ನೆ ಏಳುವುದಿಲ್ಲ. ಅವಳ ಜೊತೆ ಸೇರಿದ ಕೇರಿಯ ಇನ್ನುಳಿದ ಮಕ್ಕಳು ಎಲ್ಲಿ ಹೋದರು ಎಂಬುದು ಸುದ್ದಿಯಾಗುವುದಿಲ್ಲ. ಒಬ್ಬಳ ಗೆಲುವನ್ನು ತೋರಿಸಿ ಹಲವರ ಸೋಲಿಗೆ ಅವರೇ ಕಾರಣ ಎನ್ನುವ ಹುನ್ನಾರ ಆ ಫೋಟೋದ ಹಿಂದೆ ಇದೆ. 2016ರ ಜನವರಿಯಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಸತ್ತಾಗ ದೇಶಕ್ಕೆಲ್ಲ ಅವನ ಹೆಸರು ತಿಳಿಯಿತು. ಬದುಕಿದ್ದಾಗ, ಹಾಸ್ಟೆಲಿನಿಂದ ಹೊರದಬ್ಬಿಸಿಕೊಂಡು ಬಯಲಲ್ಲಿ ಮಲಗಿದ್ದಾಗ, ಅವನೂ ಮತ್ತಿತರರಲ್ಲಿ ಒಬ್ಬ.

ಹಾಗಾದರೆ ನಮಗೆ ಬೇಕಾದ್ದೇನು? ನಾವು ಹೊಸದೇನನ್ನೂ ಕೇಳುತ್ತಿಲ್ಲ. ಕಾನೂನಿನಲ್ಲಿ ಇರುವುದನ್ನೇ ಕೇಳುತ್ತಿದ್ದೇವೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆ ಸೆಕ್ಷನ್ನು, ಯಾರೂ ಅರ್ಜಿ ಹಾಕದಿದ್ದರೂ ಸಾರ್ವಜನಿಕ ಸಂಸ್ಥೆ ತಾನಾಗಿಯೇ 17 ಬಗೆಯ ಮಾಹಿತಿ ಪ್ರಕಟಿಸಬೇಕು ಎನ್ನುತ್ತದೆ. ಅದನ್ನು ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು, ಆ ಸೀಮೆಯಲ್ಲಿ ಜನರಿಗೆ ತಲುಪುವ ರೀತಿಯಲ್ಲಿ ತಲುಪಿಸಬೇಕು ಎನ್ನುತ್ತದೆ. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಘೋಷಣೆ, ರೇಡಿಯೊ, ಎಲ್ಲವೂ ಕಾಯ್ದೆಯ ಮಾತಿನೊಳಗೇ ಇವೆ. ವಿಶ್ವವಿದ್ಯಾಲಯದ ಮಾಧ್ಯಮ ನೀತಿ ಎಂದರೆ ನಮ್ಮ ಪಾಲಿಗೆ ಇದೇ.

ಎಷ್ಟು ಸೀಟಿಗೆ ಎಷ್ಟು ಪರಿಶಿಷ್ಟರ ಮಕ್ಕಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಯಾಕೆ ಬಿಟ್ಟರು? ಅಧ್ಯಾಪಕರ ಎಷ್ಟು ಬ್ಯಾಕ್‌ಲಾಗ್ ಹುದ್ದೆ ಖಾಲಿ ಇವೆ? ಅತಿಥಿ ಉಪನ್ಯಾಸಕರು ಎಷ್ಟು, ಅವರಿಗೆ ಎಷ್ಟು ತಿಂಗಳ ಸಂಬಳ ಬಾಕಿ? 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ಪ್ರಕಾರ ಬಂದ ಹಣದಲ್ಲಿ ಯಾವುದಕ್ಕೆ ಎಷ್ಟು ಖರ್ಚಾಯಿತು? ಜಾತಿ ತಾರತಮ್ಯದ ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು, ಕೊಟ್ಟ ದೂರುಗಳು ಏನಾದವು? 2012ರಿಂದಲೇ ಯುಜಿಸಿಯ ನಿಯಮ ಇದಕ್ಕೊಬ್ಬ ಅಧಿಕಾರಿ ಇರಬೇಕೆಂದು ಹೇಳಿತ್ತು. ಆ ಅಧಿಕಾರಿಯ ಹೆಸರು ಹಾಸ್ಟೆಲಿನ ಎಷ್ಟು ಹುಡುಗರಿಗೆ ಗೊತ್ತು?

ಇದನ್ನೆಲ್ಲ ವರ್ಷಕ್ಕೊಂದು ಸಲ ಒಂದೇ ಹಾಳೆಯಲ್ಲಿ, ನಮ್ಮವ್ವನಿಗೆ ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿ, ಕರ್ತರಿ ಪ್ರಯೋಗದಲ್ಲಿ ಬರೆದು ಅಂಟಿಸಲಿ. ಹಾಸ್ಟೆಲಿನ ಬಾಗಿಲಲ್ಲಿ, ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ, ನ್ಯೂಟೌನಿನ ಕಾರ್ಖಾನೆ ಗೇಟಿನ ಮುಂದೆ. ಪ್ರವೇಶದ ಕಡೆಯ ದಿನ ಯಾವುದು, ಶುಲ್ಕ ಎಷ್ಟು, ರಿಯಾಯಿತಿ ಯಾರಿಗೆ ಎಂಬುದನ್ನು ಒಂದು ತಿಂಗಳು ಮೊದಲೇ ರೇಡಿಯೊದಲ್ಲಿ ಹೇಳಲಿ. 1965ರಿಂದ ಭದ್ರಾವತಿಯಲ್ಲಿ ಆಕಾಶವಾಣಿ ಇದೆ. ಗದ್ದೆ ಬದುವಿನ ಮೇಲೆ ಜಾಲತಾಣ ತೆರೆಯದಿದ್ದರೂ ರೇಡಿಯೊ ಹಾಡುತ್ತದೆ. ಪತ್ರಿಕೋದ್ಯಮ ಓದುವ ಮಕ್ಕಳು ವಿಶ್ವವಿದ್ಯಾಲಯಗಳ ಒಳಗೇ ಇದ್ದಾರಲ್ಲ, ಅವರು ಗಣ್ಯರ ಭಾಷಣದ ವರದಿ ಬರೆಯುವುದನ್ನು ಬಿಟ್ಟು ತಮ್ಮ ಹಾಸ್ಟೆಲಿನ ವರದಿ ಬರೆಯಲಿ. ಅದಕ್ಕೆ ಅಂಕ ಕೊಡಿ.

ಇನ್ನು ನಮ್ಮ ಮನೆಯ ಮಾತು. ಬೇರೆಯವರ ಎಲೆಯ ನೊಣ ತೋರಿಸುವಾಗ ನಮ್ಮ ಎಲೆಯ ಹೆಗ್ಗಣ ಮರೆಯಬಾರದು. ನಮ್ಮ ಸಂಘಟನೆಗಳ ಕಾರ್ಯಕ್ರಮಗಳ ಪ್ರಕಟಣೆಗಳನ್ನು ಹಳೆಯ ಕಡತದಿಂದ ತೆಗೆದು ನೋಡಿದೆವು. ನಾಚಿಕೆಯಾಯಿತು. ಮುಖಂಡರು ಅಭಿಪ್ರಾಯಪಟ್ಟಿದ್ದಾರೆ, ವಿಷಾದಿಸಿದ್ದಾರೆ, ಕರೆ ನೀಡಿದ್ದಾರೆ. ರಾತ್ರಿಯೆಲ್ಲ ಗೋಡೆಗೆ ಪೋಸ್ಟರ್ ಹಚ್ಚಿದ ಹುಡುಗರು, ಮೂವತ್ತು ಮಂದಿಗೆ ಚಿತ್ರಾನ್ನ ಕಲಸಿದ ಹೆಂಗಸರು, ತಮಟೆ ಬಡಿದು ಕೈ ಬೊಬ್ಬೆ ಬಂದವರು, ಎಲ್ಲರೂ ನಮ್ಮ ಪ್ರಕಟಣೆಯಲ್ಲೂ ಮತ್ತಿತರರೇ. ಮೇಲಿನವರ ವ್ಯಾಕರಣವನ್ನು ನಾವು ಯಾವಾಗ ಕಲಿತೆವೋ ತಿಳಿಯಲೇ ಇಲ್ಲ. ಈ ಸಂಚಿಕೆಯಿಂದಲೇ ಅದನ್ನು ಬಿಡುತ್ತೇವೆ. ಇನ್ನು ಮೇಲೆ ಈ ಪುಟಗಳಲ್ಲಿ ಯಾವ ವರದಿ ಬಂದರೂ ಜಮಖಾನ ಹಾಸಿದವರ ಹೆಸರು ಮೊದಲು ಬರುತ್ತದೆ, ಭಾಷಣ ಮಾಡಿದವರದು ಆಮೇಲೆ. ಜಾಗ ಸಾಲದಿದ್ದರೆ ಭಾಷಣಕಾರರನ್ನು 'ಮತ್ತಿತರರು' ಎಂದು ಬರೆಯುತ್ತೇವೆ.

ಓದುಗ ಗೆಳೆಯರಲ್ಲಿ ಒಂದು ಕೇಳಿಕೆ. ನಾಳೆ ಬೆಳಿಗ್ಗೆ ಪತ್ರಿಕೆಯ ಒಳಪುಟದಲ್ಲಿ ಆ ಸಾಲು ಕಂಡಾಗ ಒಂದು ಕಾರ್ಡು ತೆಗೆದುಕೊಂಡು ಸಂಪಾದಕರಿಗೆ ಬರೆಯಿರಿ: ಆ ಮತ್ತಿತರರು ಯಾರು, ಹೆಸರು ತಿಳಿಸಿ. ಉತ್ತರ ಬಾರದಿದ್ದರೆ ಇನ್ನೊಂದು ಕಾರ್ಡು ಬರೆಯಿರಿ.